ಮೈಕ್ರೋಸ್ಕೋಪ್ ಇಲ್ಲದೆ ಸಿನಾಪ್ಸ್ ಎಣಿಸಿದ್ದು: ನನ್ನ ಅನುಭವ

ಬದಿಯಡ್ಕದ ಮನೆಯಲ್ಲಿ ಕೂತು ಮನುಷ್ಯನ ಮೆದುಳಿನ ಸಿನಾಪ್ಸ್ (ಒಂದು ನರಕೋಶ ಇನ್ನೊಂದಕ್ಕೆ ಸಂದೇಶ ದಾಟಿಸುವ ಜಾಗ) ಎಣಿಸ್ತೇನೆ ಅಂದಾಗ ಲ್ಯಾಬಿನ ಹಳೇ ದೋಸ್ತಿಗಳು ನಗಾಡಿದ್ರು, ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಇಲ್ಲದೆ ಎಂತ ಎಣಿಸ್ತೀಯ ಮಾರಾಯ, ಅಡಿಕೆಯಾ ಅಂತ. ಈಗ ಲೆಕ್ಕ ಕೂಡಿ ಬಂದಿದೆ, ಅದಕ್ಕೇ ಬರೀತಿದ್ದೇನೆ.

ಡೇಟಾ ಎಚ್01, ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಬೇರೆಯವರು ತೆಗೆದು ಆನ್‌ಲೈನ್‌ಗೆ ಹಾಕಿದ ಚಿತ್ರಗಳು, 2024ರಲ್ಲಿ ಪೇಪರ್ ಬಂತಲ್ಲ ಹಾರ್ವರ್ಡ್-ಗೂಗಲ್‌ನವರದ್ದು, ಟೆಂಪೊರಲ್ ಕಾರ್ಟೆಕ್ಸ್‌ನ (ಮೆದುಳಿನ ಬದಿಯ ಹೊರಪದರ) ಒಂದು ಚೂರಿಗೆ 1.4 ಪೆಟಾಬೈಟ್. ಮಷಿನ್ ಸುಮಾರು 15 ಕೋಟಿ ಸಿನಾಪ್ಸ್ ಗುರುತಿಸಿದೆ, ನನಗೆ ಕೈಯಾರೆ ನೋಡ್ಬೇಕಿತ್ತು. ಮೂರನೇ ಲೇಯರ್‌ನಲ್ಲಿ 5 ಮೈಕ್ರಾನಿನ ಪೆಟ್ಟಿಗೆ, ಹನ್ನೆರಡೋ ಹದಿಮೂರೋ, ಒಂದೊಂದರಲ್ಲಿ ನೂರೈವತ್ತು ಸೆಕ್ಷನ್, ಅಂದ್ರೆ ತೆಳು ಹೋಳಿನ ಚಿತ್ರ.

ಖರ್ಚು ಕೇಳ್ಬೇಡಿ. ಈ ಚಿತ್ರ ಬ್ರೌಸರ್‌ನಲ್ಲಿ ತೋರಿಸುವ ನ್ಯೂರೋಗ್ಲಾನ್ಸರ್ ತೆರೆದ್ರೆ ಹಳೇ ಲ್ಯಾಪ್‌ಟಾಪ್ ಉಸಿರು ಬಿಡ್ತಿತ್ತು, ರ‍್ಯಾಮ್ ಹಾಕಿಸಿದೆ, ಮಳೆಗಾಲದಲ್ಲಿ ಕರೆಂಟಿಲ್ಲ ಅಂತ ಇನ್ವರ್ಟರ್ ಬ್ಯಾಟರಿ, ಮೇಲೆ ಎರಡನೇ ಸಿಮ್ಮಿನ ರೀಚಾರ್ಜ್. ಒಟ್ಟು 14 ಸಾವಿರ ಹೋಗಿರ್ಬೇಕು, ಮನೆಯವಳಿಗೆ 8 ಅಂತ ಹೇಳಿದ್ದೇನೆ.

ಮೊದಲ ಮೂರು ತಿಂಗಳು ಪೂರ್ತಿ ನೀರಿಗೆ ಹೋಯ್ತು. ಪಕ್ಕಪಕ್ಕದ ಎರಡು ಪೆಟ್ಟಿಗೆಯ ಮೊತ್ತ, ಎರಡನ್ನೂ ಒಂದಾಗಿ ಎಣಿಸಿದ್ದಕ್ಕಿಂತ ಜಾಸ್ತಿ ಬರ್ತಿತ್ತು! ಅತ್ತೆ ಹಲಸಿನಕಾಯಿ ಅಡ್ಡಕ್ಕೆ ಕೊಯ್ಯುತ್ತಿದ್ರು, ಕತ್ತಿ ಬಿದ್ದ ಬೇಳೆ ಎರಡೂ ಹೋಳಲ್ಲಿ ಇಣುಕ್ತಿತ್ತು, ಅಲ್ಲಿ ತಲೆಗೆ ಹೊಕ್ಕಿತು. ಗೋಡೆ ಮುಟ್ಟಿದ್ದನ್ನೆಲ್ಲ ಎಣಿಸಿದ್ದೇ ತಪ್ಪು. ಮೂರು ಮುಖ ಮುಟ್ಟಿದ್ದು ಲೆಕ್ಕಕ್ಕೆ, ಉಳಿದ ಮೂರು ಮುಟ್ಟಿದ್ದು ಹೊರಗೆ ಅಂತ ಮಾಡಿದ ಮೇಲೆ ಐದರಲ್ಲೊಂದು ಪಾಲು ಇಳಿಯಿತು. ಓದಿದ್ದೆ ಮೊದಲೇ, ಕೈ ಸುಟ್ಟ ಮೇಲೆ ನೆನಪಾಯ್ತು.

ಇನ್ನೊಂದು ಪೇಚಾಟ ಅಡ್ಡ ಮಲಗಿದ ಸಿನಾಪ್ಸ್‌ಗಳದ್ದು. ಸೆಕ್ಷನ್ ದಪ್ಪ 33 ನ್ಯಾನೊಮೀಟರ್ ಆದ್ರೆ ಬರೀ ಮಸಿ ಚೆಲ್ಲಿದ ಹಾಗೆ ಕಾಣ್ತದೆ, ಎರಡು ಕೋಶದ ನಡುವಿನ ಸೀಳೂ ಇಲ್ಲ, ಅಂಚಿನ ದಪ್ಪ ಪಟ್ಟಿಯೂ ಇಲ್ಲ. ಒಂದು ಬದಿ ಪಟ್ಟಿ ದಪ್ಪ ಇದ್ರೆ ಅಸಿಮೆಟ್ರಿಕ್ ಜಾತಿ, ಎರಡೂ ಬದಿ ಹೆಚ್ಚುಕಡಿಮೆ ಒಂದೇ ಇದ್ರೆ ಸಿಮೆಟ್ರಿಕ್. ಇವನ್ನೆಲ್ಲ ಸಿಮೆಟ್ರಿಕ್‌ಗೆ ಹಾಕಿ ಅನುಪಾತ ಕೆಡಿಸಿಕೊಂಡೆ. ಆಮೇಲೆ ಅದೇ ಆಕ್ಸಾನ್ (ಸಂದೇಶ ಒಯ್ಯುವ ನರತಂತು) ಹಿಡಿದು ಹೋಗಿ ಅದರ ಮುಂದಿನ ಸಿನಾಪ್ಸ್ ನೋಡ್ಲಿಕ್ಕೆ ಶುರು ಮಾಡಿದೆ, ಒಂದು ಆಕ್ಸಾನ್ ಸಾಮಾನ್ಯವಾಗಿ ಜಾತಿ ಬದಲಿಸುದಿಲ್ಲ. ಕಾಂಟ್ರಾಸ್ಟ್ ಎಷ್ಟಿಡ್ತೇನೆ ಅಂತ ಮಾತ್ರ ಈಗ ಹೇಳುದಿಲ್ಲ.

ಕೊನೆಗೆ ಅಸಿಮೆಟ್ರಿಕ್ ನೂರಕ್ಕೆ ತೊಂಬತ್ತರ ಮೇಲೆ ನಿಂತಿತು, ಮ್ಯಾಡ್ರಿಡ್‌ನ ಡಿಫೆಲಿಪೆ ತಂಡ ಫಿಬ್-ಸೆಮ್ ಎಂಬ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ತೋರಿಸಿದ ಮಟ್ಟವೇ. ನಡುವೆ, ಎಚ್01 ಪೇಪರಿನಲ್ಲಿದ್ದ, ಒಂದೇ ಸೆಲ್ಲಿಗೆ ಐವತ್ತರಷ್ಟು ಸಿನಾಪ್ಸ್ ಹಾಕುವ ಆಕ್ಸಾನ್‌ನಂಥದ್ದು ನನಗೂ ಸಿಗ್ಲಿ ಅಂತ ಪೆಟ್ಟಿಗೆ ಬಿಟ್ಟು ಹೊರಟು ವಾರ ಹಾಳಾಯ್ತು, ಸಿಕ್ಕಿದ್ದರಲ್ಲಿ ದೊಡ್ಡದು ಒಂದು ಸೆಲ್ಲಿಗೆ ನಾಲ್ಕು ಸಿನಾಪ್ಸ್.

ನಗಾಡಿದವರಲ್ಲೊಬ್ಬ ಎಣಿಕೆಯ ಶೀಟ್ ಕಳಿಸು ಅಂದ. ಮೊದಲು ನೀನೊಂದು ಪೆಟ್ಟಿಗೆ ಎಣಿಸಿ ಕಳಿಸು, ತಾಳೆ ನೋಡುವ ಅಂದೆ. ಎರಡು ವಾರ ಆಯ್ತು, ಸುದ್ದಿಯಿಲ್ಲ.