ಜಪಾನಿನ ಪ್ರಾಣಿ ಕತೆ ಹೇಳುವುದು ಹೇಗೆ: ಕೊಕ್ಕರೆಯನ್ನು ವಾಪಸ್ ಕರೆಯಬೇಡಿ

ಮೊದಲ ಕೆಲಸ, ನೀತಿಪಾಠವನ್ನು ಚಪ್ಪಲಿಯ ಜೊತೆ ಬಾಗಿಲ ಹೊರಗೇ ಬಿಟ್ಟು ಬನ್ನಿ. ನಾವೆಲ್ಲ ಪಂಚತಂತ್ರ ಕೇಳಿ ಬೆಳೆದವರು. ನರಿ ಅಂದರೆ ಕಪಟ, ಕತ್ತೆ ಅಂದರೆ ದಡ್ಡ. ಪ್ರಾಣಿಯ ಹೆಸರು ಹೇಳಿದರೆ ಸಾಕು, ಉಳಿದ ಕತೆಯನ್ನು ಮಕ್ಕಳೇ ಊಹಿಸಿಬಿಡುತ್ತಾರೆ. ಜಪಾನಿನ ಕತೆಗಳಲ್ಲಿ ಈ ಲೆಕ್ಕ ನಡೆಯುವುದಿಲ್ಲ. ತನುಕಿಯನ್ನೇ ನೋಡಿ. ಅದು ನಾಯಿಯ ಕುಲದ, ಕಣ್ಣಿನ ಸುತ್ತ ಕಪ್ಪಿರುವ ಕಾಡುಪ್ರಾಣಿ. ಒಂದು ಕತೆಯಲ್ಲಿ ಮುದುಕಿಯನ್ನು ಕೊಲ್ಲುತ್ತದೆ. ಇನ್ನೊಂದರಲ್ಲಿ, ಬೋನಿನಿಂದ ಬಿಡಿಸಿದ ಬಡವನ ಋಣ ತೀರಿಸಲು ನೀರು ಕಾಯಿಸುವ ಪಾತ್ರೆಯಾಗಿ ಒಲೆಯ ಮೇಲೂ ಕೂರುತ್ತದೆ. ಹಾಗಾಗಿ ಕತೆ ಕೈಗೆತ್ತಿಕೊಂಡಾಗ ನಾನು ಹುಡುಕುವುದು ಒಂದನ್ನೇ: ಈ ಪ್ರಾಣಿಗೂ ಈ ಮನುಷ್ಯನಿಗೂ ನಡುವೆ ಏನು ನಡೆಯಿತು? ಯಾರು ಯಾರಿಗೆ ಏನು ಕೊಟ್ಟರು, ಯಾರು ಮಾತು ಮುರಿದರು?

ನಾನು ವಾರಕ್ಕೊಮ್ಮೆ ಮಕ್ಕಳನ್ನು ಕೂರಿಸಿಕೊಂಡು ಕತೆ ಹೇಳುವವಳು. ಎದುರಿಗೆ ಐದು ವರ್ಷದವರೂ ಇರುತ್ತಾರೆ, ಹನ್ನೆರಡರವರೂ ಇರುತ್ತಾರೆ. ಅದಕ್ಕೇ ಹೇಳುವುದು, ಕತೆಯನ್ನು ವಯಸ್ಸು ನೋಡಿ ಆರಿಸಿ.

ಚಿಕ್ಕವರಿಗೆ ಮೊಮೊತಾರೊ ಸಾಕು. ಪೀಚ್ ಹಣ್ಣಿನಲ್ಲಿ ಹುಟ್ಟಿದ ಹುಡುಗ ರಾಕ್ಷಸರ ದ್ವೀಪಕ್ಕೆ ಹೊರಡುತ್ತಾನೆ. ಸೊಂಟದಲ್ಲಿ ಕಿಬಿದಾಂಗೊ, ಅಂದರೆ ಬರಗಿನ ಉಂಡೆಗಳ ಗಂಟು. ದಾರಿಯಲ್ಲಿ ನಾಯಿ, ಕೋತಿ, ಫೆಸೆಂಟ್ ಹಕ್ಕಿ ಒಂದೊಂದಾಗಿ ಬಂದು ‘ಒಂದು ಉಂಡೆ ಕೊಡು, ಜೊತೆಗೆ ಬರ್ತೀನಿ’ ಅನ್ನುತ್ತವೆ. ಜಪಾನಿನಲ್ಲಿ ಯಾರಾದರೂ ಸದಾ ಕಚ್ಚಾಡುತ್ತಿದ್ದರೆ ನಾಯಿ-ಕೋತಿ ಸಂಬಂಧ ಅನ್ನುತ್ತಾರೆ. ಅಂಥ ಎರಡನ್ನು ಒಂದೊಂದು ಉಂಡೆ ಒಂದೇ ದೋಣಿಗೆ ಹತ್ತಿಸಿತು. ಇಲ್ಲಿ ನಿಲ್ಲಿಸಿ ಮಕ್ಕಳನ್ನು ಕೇಳಿ: ಇದು ಸಂಬಳವೋ, ಗೆಳೆತನವೋ? ಜಗಳ ಶುರುವಾದರೆ ತಡೆಯಬೇಡಿ.

ನಾಲಗೆ ಕಳಕೊಂಡ ಗುಬ್ಬಿಯದೂ ಚಿಕ್ಕವರಿಗೆ ಹೊಂದುತ್ತದೆ. ಬಟ್ಟೆಗೆ ಹಾಕಲು ಕಾಸಿಟ್ಟ ಗಂಜಿಯನ್ನು ಗುಬ್ಬಿ ತಿಂದಿತು ಅಂತ ಮುದುಕಿ ಅದರ ನಾಲಗೆ ಕತ್ತರಿಸುತ್ತಾಳೆ. ಹೇಳುವವರು ಬುಟ್ಟಿಗಳ ಕಡೆ ಓಡುತ್ತಾರೆ: ಮುದುಕ ಚಿಕ್ಕ ಬುಟ್ಟಿ ಆರಿಸಿ ನಿಧಿ ಪಡೆದ, ಮುದುಕಿ ದೊಡ್ಡದನ್ನು ಆರಿಸಿ ಭೂತ ಪಡೆದಳು. ನೀವು ಅದಕ್ಕೆ ಮುಂಚಿನದನ್ನು ನಿಧಾನಕ್ಕೆ ಹೇಳಿ. ಮುದುಕ ‘ಗುಬ್ಬೀ, ನಿನ್ನ ಮನೆ ಎಲ್ಲಿ’ ಅಂತ ಕೂಗುತ್ತಾ ಬೆಟ್ಟ ಹತ್ತುತ್ತಾನಲ್ಲ, ಅಲ್ಲಿದೆ ಕತೆ.

ಈಗ ಕೊಕ್ಕರೆಗೆ ಬರೋಣ. ಒಂದೇ ಒಂದು ಕತೆ ಕಲಿಯುತ್ತೀರಿ ಅಂದರೆ ಇದನ್ನು ಕಲಿಯಿರಿ. ಹಿಮ ಬೀಳುವ ದಿನ ಬಡವನೊಬ್ಬ ಬಲೆಗೆ ಸಿಕ್ಕ ಕೊಕ್ಕರೆಯನ್ನು ಬಿಡಿಸುತ್ತಾನೆ. ರಾತ್ರಿ ಅಪರಿಚಿತ ಹುಡುಗಿಯೊಬ್ಬಳು ಬಾಗಿಲು ತಟ್ಟುತ್ತಾಳೆ. ಕೆಲವು ಕಡೆ ಅವಳು ಮುದುಕ-ಮುದುಕಿಗೆ ಮಗಳಾಗುತ್ತಾಳೆ, ಕೆಲವು ಕಡೆ ಯುವಕನಿಗೆ ಹೆಂಡತಿ. ಚಿಕ್ಕವರಿದ್ದರೆ ಮಗಳು, ದೊಡ್ಡವರಿದ್ದರೆ ಹೆಂಡತಿ. ಅವಳು ಮಗ್ಗದ ಕೋಣೆಗೆ ಹೋಗಿ ‘ನಾನು ನೇಯುವಾಗ ನೋಡಬೇಡಿ’ ಅನ್ನುತ್ತಾಳೆ. ಈ ಮಾತನ್ನು ಜೋರಾಗಿ, ನಾಟಕದ ಧಾಟಿಯಲ್ಲಿ ಹೇಳಬೇಡಿ. ಅಡುಗೆಮನೆಯಲ್ಲಿ ಸುಮ್ನೆ ಹೇಳಿದ ಹಾಗಿರಲಿ.

ಆಮೇಲೆ ಮಗ್ಗದ ಸದ್ದು. ತೊನ್ ಕರಾರಿ, ತೊನ್ ಕರಾರಿ. ಮಕ್ಕಳ ಕೈಯಲ್ಲೇ ತೊಡೆ ತಟ್ಟಿಸಿ. ಮೊದಲ ಬಟ್ಟೆಗೆ ಚುರುಕಾಗಿ. ಬಟ್ಟೆ ಮಾರಿ ದುಡ್ಡು ಬರುತ್ತದೆ, ಇನ್ನೊಂದು ಬೇಕು ಅನ್ನುತ್ತಾರೆ. ಎರಡನೆಯದಕ್ಕೆ ಸ್ವಲ್ಪ ನಿಧಾನ. ಹುಡುಗಿ ಹೊರಬಂದಾಗ ಸೊರಗಿದ್ದಾಳೆ ಅಂತಷ್ಟೇ ಹೇಳಿ, ಕಾರಣ ಬೇಡ. ಮೂರನೆಯದಕ್ಕೆ ಸದ್ದು ತೀರಾ ಕ್ಷೀಣ. ಒಳಗೆ ಏನೋ ಸರಿ ಇಲ್ಲ ಅಂತ ಮಕ್ಕಳಿಗೆ ಅವರ ಕೈಯೇ ಹೇಳುತ್ತದೆ. ಆಗ ಬಾಗಿಲ ಸಂದಿಯಿಂದ ಇಣುಕಿಸಿ. ಮಗ್ಗದ ಮುಂದೆ ಕೊಕ್ಕರೆ. ತನ್ನ ಮೈಯ ಗರಿಯನ್ನೇ ಕೊಕ್ಕಿನಿಂದ ಕಿತ್ತು ನೂಲಿನ ನಡುವೆ ಸೇರಿಸುತ್ತಿದೆ. ಅರ್ಧ ಮೈ ಬೋಳು.

ಅವಳು ಹೊರಟುಹೋಗುತ್ತಾಳೆ. ಇಲ್ಲೇ ಹೇಳುವವರ ಕೈ ನಡುಗುವುದು. ಎದುರಿನ ಮಗುವಿನ ಮುಖ ನೋಡಿ ‘ಆಮೇಲೆ ಕೊಕ್ಕರೆ ವಾಪಸ್ ಬಂತು’ ಅಂತ ಸೇರಿಸುವ ಆಸೆಯಾಗುತ್ತದೆ. ಸೇರಿಸಬೇಡಿ. ನೋಡಿದ ಮೇಲೆ ಇರುವ ಹಾಗಿಲ್ಲ, ಅಷ್ಟೇ. ‘ಅವನು ಯಾಕೆ ನೋಡಿದ?’ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ‘ನೀನಾಗಿದ್ದರೆ ನೋಡ್ತಿರಲಿಲ್ವಾ?’ ಅಂತ ತಿರುಗಿ ಕೇಳಿ ಸುಮ್ಮನಾಗಿ.

ಹತ್ತು ದಾಟಿದ ಮಕ್ಕಳಿಗೆ ಇದರ ಬೆನ್ನಿಗೇ ಕೋತಿ ಅಳಿಯನ ಕತೆ ಹೇಳಿ. ಹೊಲದ ಕೆಲಸದಲ್ಲಿ ಸೋತ ಅಪ್ಪ, ಸಹಾಯ ಮಾಡಿದವರಿಗೆ ಮಗಳನ್ನು ಕೊಡುತ್ತೇನೆ ಅನ್ನುತ್ತಾನೆ. ಕೋತಿ ಬಂದು ಕೆಲಸ ಮುಗಿಸುತ್ತದೆ. ದೊಡ್ಡವರಿಬ್ಬರೂ ಒಲ್ಲೆ ಅನ್ನುತ್ತಾರೆ, ಮೂರನೆಯವಳು ಹೋಗುತ್ತಾಳೆ. ತವರಿಗೆ ಬರುವ ದಿನ ಅವಳು ಮೊಚಿ ಅನ್ನುವ ಅಂಟಕ್ಕಿಯ ತಿನಿಸನ್ನು ಮರದ ಒರಳಿನ ಸಮೇತ ಗಂಡನ ಬೆನ್ನಿಗೆ ಹೊರಿಸುತ್ತಾಳೆ. ನದಿಯ ದಡದಲ್ಲಿ ಚೆರ್ರಿ ಹೂವು ಕಾಣುತ್ತದೆ. ಅಪ್ಪನಿಗೆ ಒಂದು ಕೊಂಬೆ ಬೇಕು ಅನ್ನುತ್ತಾಳೆ. ಕೋತಿ ಒರಳು ಇಳಿಸಲು ಹೋದರೆ ‘ನೆಲಕ್ಕಿಟ್ಟರೆ ಮೊಚಿಗೆ ಮಣ್ಣಿನ ವಾಸನೆ ಬರುತ್ತೆ’ ಅನ್ನುತ್ತಾಳೆ. ಒರಳು ಹೊತ್ತೇ ಹತ್ತುತ್ತದೆ. ಇನ್ನೂ ಮೇಲಿನದು, ಇನ್ನೂ ಮೇಲಿನದು. ಕೊಂಬೆ ಮುರಿದು ನದಿಗೆ ಬೀಳುತ್ತದೆ. ಕೆಲವರು ಹೇಳುವ ಪ್ರಕಾರ, ತೇಲಿಹೋಗುತ್ತಾ ಕೋತಿ ಹಾಡುತ್ತದೆ: ನನ್ನ ಜೀವ ಹೋದರೆ ಹೋಗಲಿ, ನೀನು ಅಳುತ್ತೀಯಲ್ಲ ಅನ್ನುವುದೇ ನನ್ನ ದುಃಖ.

ಹುಡುಗಿ ಅಳುವುದಿಲ್ಲ, ನೆಟ್ಟಗೆ ಮನೆಗೆ ಬರುತ್ತಾಳೆ. ಜಾಣೆ ಅಂತ ಕೆಲವು ಮಕ್ಕಳು ಚಪ್ಪಾಳೆ ಹೊಡೆಯುತ್ತಾರೆ, ಕೆಲವರು ಕೋತಿಯ ಪರ ನಿಲ್ಲುತ್ತಾರೆ. ಎರಡು ಕತೆ ಪಕ್ಕ ಪಕ್ಕ ಇಟ್ಟರೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಪ್ರಾಣಿ ಹೆಂಡತಿಯಾಗಿ ಬಂದರೆ ಗುಟ್ಟು ಬಯಲಾದ ಮೇಲೆ ಹೊರಟುಹೋಗುತ್ತದೆ. ಗಂಡನಾಗಿ ಬಂದರೆ ಸಾಯುವುದೇ ಜಾಸ್ತಿ. ಕೊಟ್ಟ ಮಾತಿನಂತೆ ನಡೆದ ಕೋತಿಗೆ ಈ ಗತಿ ನ್ಯಾಯವಾ? ನನಗಂತೂ ಇಲ್ಲ ಅನಿಸುತ್ತದೆ. ಆದರೆ ಅಪ್ಪ ಕೇಳದೆ ಮಾತು ಕೊಟ್ಟ ಮಗಳ ಪಾಡೇನು, ಅಲ್ವಾ?

ನರಿಯ ಕತೆಗೆ ಮಳೆ ಬಿಸಿಲು ಒಟ್ಟಿಗೆ ಬಂದ ದಿನ ಒಳ್ಳೆಯದು. ನಾವು ಕಾಗೆಗೂ ನರಿಗೂ ಮದುವೆ ಅನ್ನುತ್ತೇವೆ, ಅವರು ನರಿಯ ಮದುವೆ ದಿಬ್ಬಣ ಅನ್ನುತ್ತಾರೆ. ಅಲ್ಲಿಂದ ಕುಜುನೊಹಾಗೆ ದಾಟಿ. ಬೇಟೆಗಾರರಿಂದ ಉಳಿಸಿದವನನ್ನೇ ಮದುವೆಯಾದ ಬಿಳಿ ನರಿ ಅವಳು. ಗುಟ್ಟು ಬಯಲಾದಾಗ ಮಗನನ್ನು ಬಿಟ್ಟು ಹೋಗುತ್ತಾಳೆ. ಹೋಗುವ ಮುಂಚೆ ಕಾಗದದ ಬಾಗಿಲ ಮೇಲೆ ಪದ್ಯ ಬರೆದಿಡುತ್ತಾಳೆ: ನೆನಪಾದರೆ ಇಜುಮಿಯ ಶಿನೊದಾ ಕಾಡಿಗೆ ಬಂದು ಹುಡುಕು. ಇಜುಮಿ ಈಗಿನ ಒಸಾಕಾ ಪ್ರಾಂತ್ಯದಲ್ಲಿದೆ. ಆ ಮಗ ಅಬೆ ನೊ ಸೆಯ್‌ಮೆಯ್ ಅನ್ನುತ್ತದೆ ಕತೆ. ಅವನು 10ನೇ ಶತಮಾನದಲ್ಲಿ ನಿಜವಾಗಿ ಬದುಕಿದ್ದ ಜ್ಯೋತಿಷಿ.

ಉರಾಶಿಮಾ ತಾರೊ ಅನ್ನುವ ಮೀನುಗಾರನ ಕತೆ ಹೇಳುವಾಗ ಹಳೆಯ ರೂಪ ಹಿಡಿಯಿರಿ. ಈಗಿನ ಪುಸ್ತಕಗಳಲ್ಲಿ ಆಮೆ ಅವನನ್ನು ಸಮುದ್ರದ ಅರಮನೆಗೆ ಹೊತ್ತೊಯ್ಯುವ ಗಾಡಿಯಷ್ಟೇ, ರಾಜಕುಮಾರಿ ಬೇರೆ. 720ರಲ್ಲಿ ಮುಗಿದ ನಿಹೊನ್ ಶೊಕಿ ಅನ್ನುವ ಜಪಾನಿನ ಹಳೆಯ ಇತಿಹಾಸ ಗ್ರಂಥದಲ್ಲಿ ಹಾಗಿಲ್ಲ. ತಾಂಬಾ ಸೀಮೆಯ ಅವನು ಮೀನು ಹಿಡಿಯಲು ಹೋದಾಗ ಸಿಕ್ಕ ಆಮೆಯೇ ಹೆಣ್ಣಾಗುತ್ತದೆ. ಹೀಗೆ ಹೇಳಿದರೆ, ಅವಳು ಕೊಟ್ಟ ತೆರೆಯಬಾರದ ಪೆಟ್ಟಿಗೆಗೂ ಕೊಕ್ಕರೆಯ ಬಾಗಿಲಿಗೂ ಇರುವ ನಂಟು ಮಕ್ಕಳಿಗೆ ತಾನಾಗಿ ಹೊಳೆಯುತ್ತದೆ.

ಕಾಚಿಕಾಚಿ ಯಾಮಾ ಅನ್ನುವ ಕತೆ ಮಾತ್ರ ಮಲಗುವ ಹೊತ್ತಿಗೆ ಬೇಡ. ತನುಕಿ ಮುದುಕಿಯನ್ನು ಕೊಂದು, ಅವಳ ಮಾಂಸದ ಸಾರನ್ನು ಮುದುಕನಿಗೇ ಬಡಿಸುತ್ತದೆ. ಸೇಡಿಗೆ ಮೊಲ ಅದರ ಬೆನ್ನಿಗೆ ಬೆಂಕಿ ಹಚ್ಚಿ, ಸುಟ್ಟ ಗಾಯಕ್ಕೆ ಖಾರ ಸವರಿ, ಕೊನೆಗೆ ಮಣ್ಣಿನ ದೋಣಿಯಲ್ಲಿ ಮುಳುಗಿಸುತ್ತದೆ. ಮಕ್ಕಳ ಪುಸ್ತಕಗಳು ಎಷ್ಟೋ ಸಲ ಸಾರನ್ನು ತೆಗೆದು ಮುದುಕಿಗೆ ಗಾಯವಾಯಿತು ಅಂತಷ್ಟೇ ಹೇಳುತ್ತವೆ. ಆದರೆ ಸಾರು ತೆಗೆದರೆ ಮೊಲ ಸುಮ್ನೆ ಹಿಂಸೆ ಕೊಡುವ ಪ್ರಾಣಿಯಾಗಿಬಿಡುತ್ತದೆ. ಹೇಳಿದರೆ ಪೂರ್ತಿ ಹೇಳಿ, ಇಲ್ಲ ಬಿಡಿ.

ಶುರು ಮಾಡುವುದಕ್ಕೆ ‘ಮುಕಾಶಿ ಮುಕಾಶಿ’ ಇದೆ, ಬಹಳ ಬಹಳ ಹಿಂದೆ ಅಂತ. ಮುಗಿಸಲು ಇವಾತೆ ಪ್ರಾಂತ್ಯದ ತೋನೊ ಕಡೆಯವರು ‘ದೊಂದೊಹರೆ’ ಅನ್ನುತ್ತಾರೆ. ಅದನ್ನು ಮಕ್ಕಳಿಂದಲೇ ಕೂಗಿಸಿ. ಕತೆ ಮುಗಿಯಿತು ಅಂತ ಗೊತ್ತಾದರೆ ‘ಇದರಿಂದ ಏನು ಕಲಿತಿರಿ’ ಅಂತ ಕೇಳುವ ಚಪಲ ನಿಮಗೂ ಕಡಿಮೆಯಾಗುತ್ತದೆ.

ಕೊಕ್ಕರೆ ಹೋದದ್ದಕ್ಕೆ ಯಾರಾದರೂ ತೀರಾ ಮಂಕಾಗಿ ಕೂತಿದ್ದರೆ, ಅದೇ ದಿನ ಆ ಪಾತ್ರೆಯಾದ ತನುಕಿಯನ್ನೂ ಹೇಳಿಬಿಡಿ. ಬೆಂಕಿ ತಾಗಿದ್ದೇ ತಡ, ಪಾತ್ರೆಗೆ ತಲೆ, ಕಾಲು, ಬಾಲ ಮೊಳೆಯುತ್ತವೆ. ಪೂರ್ತಿ ಪ್ರಾಣಿಯಾಗಲೂ ಬರುವುದಿಲ್ಲ, ಪೂರ್ತಿ ಪಾತ್ರೆಯಾಗಲೂ ಬರುವುದಿಲ್ಲ. ಅದೇ ವೇಷದಲ್ಲಿ ಹಗ್ಗದ ಮೇಲೆ ನಡೆದು ಜನ ಸೇರಿಸಿ, ಒಡೆಯನಿಗೆ ದುಡ್ಡು ತರುತ್ತದೆ. ಗುನ್ಮಾ ಪ್ರಾಂತ್ಯದ ತತೆಬಯಾಶಿಯಲ್ಲಿ ಮೊರಿನ್‌ಜಿ ದೇವಸ್ಥಾನದ ಹೆಸರಿಗೆ ಈ ಕತೆ ಅಂಟಿಕೊಂಡಿದೆ. ಅಲ್ಲಿ ದಾರಿಯ ಬದಿಗೆ ತನುಕಿಯ ಗೊಂಬೆಗಳು ಸಾಲಾಗಿ ನಿಂತಿವೆ. ಫೋಟೊ ತೋರಿಸಿ, ಯಾವುದು ಹಗ್ಗದ ಮೇಲೆ ನಡೆದದ್ದು ಅಂತ ಮಕ್ಕಳೇ ಆರಿಸಲಿ.