ಟ್ರಯಲ್‌ಗೆ ಸಹಿ ಹಾಕುವ ಮುಂಚೆ, ಹಾಕಿದ ಮೇಲೆ

ನಾನು ಒಂದು ಕ್ಯಾನ್ಸರ್ ಆಸ್ಪತ್ರೆಯಲ್ಲಿ ಕ್ಲಿನಿಕಲ್ ಟ್ರಯಲ್ ಕೋಆರ್ಡಿನೇಟರ್. ಟ್ರಯಲ್ ಅಂದರೆ ಒಂದು ಚಿಕಿತ್ಸೆ ಎಷ್ಟು ಕೆಲಸ ಮಾಡುತ್ತೆ ಅಂತ ಒಪ್ಪಿದ ರೋಗಿಗಳಲ್ಲಿ ಪರೀಕ್ಷಿಸಿ ನೋಡುವುದು. ಹೆಚ್ಚಾಗಿ ಬಾಯಿ, ಗಂಟಲಿನ ಕ್ಯಾನ್ಸರ್ ರೋಗಿಗಳ ಜೊತೆ ನನ್ನ ಕೆಲಸ. ಔಷಧ ಬರೆಯುವವರು, ಟ್ರಯಲ್ ಬಗ್ಗೆ ಮೊದಲು ವಿವರಿಸುವವರು ಡಾಕ್ಟರು. ಆಮೇಲೆ ನಾನು ರೋಗಿಯ ಪಕ್ಕ ಕೂರುತ್ತೇನೆ. ಒಪ್ಪಿಗೆ ಪತ್ರವನ್ನು ಪುಟ ಪುಟ ಓದಿ ಹೇಳುತ್ತೇನೆ. ಅವರು ಸೇರಿದರೆ ಮಾತ್ರೆ, ರಕ್ತಪರೀಕ್ಷೆ, ಫೋನು, ಫೈಲು ಎಲ್ಲ ನನ್ನ ಪಾಲಿಗೆ.

ಮೊದಲ ತೊಡಕು ಬರುವುದು ಮನೆಯವರಿಂದಲೇ. ಕೊಪ್ಪಳ, ಗದಗ ಕಡೆಯಿಂದ ರಾತ್ರಿ ಬಸ್ಸಿಗೆ ಬಂದಿರುತ್ತಾರೆ. ಮಗ ನನ್ನನ್ನು ಬಾಗಿಲ ಹೊರಗೆ ಕರೆದು ಮೆಲ್ಲಗೆ ಹೇಳುತ್ತಾನೆ: "ಅಪ್ಪಗ ಗೊತ್ತಿಲ್ರಿ ಮೇಡಂ. ಬಾಯಾಗ ಹುಣ್ಣಾಗೇತಿ, ಕಡಿಮಿ ಆಗ್ತೈತಿ ಅಂತ ಹೇಳೀವಿ." ಮಗನ ಪ್ರೀತಿ ನನಗೆ ಅರ್ಥವಾಗುತ್ತೆ. ಆದರೆ ತನಗೆ ಏನಾಗಿದೆ ಅಂತ ಗೊತ್ತಿಲ್ಲದ ಮನುಷ್ಯನಿಂದ ಟ್ರಯಲ್‌ಗೆ ಒಪ್ಪಿಗೆ ತಗೊಳ್ಳೋಕೆ ಆಗಲ್ಲ. ಅವತ್ತು ನಾನು ಫಾರ್ಮ್ ಬಿಚ್ಚುವುದೇ ಇಲ್ಲ. ಡಾಕ್ಟರ ಜೊತೆ ಮಗನನ್ನು ಕೂರಿಸಿ ಮಾತಾಡಿಸುತ್ತೇನೆ. ಆಮೇಲೆ ರೋಗಿಯನ್ನೇ ಕೇಳುತ್ತೇವೆ, "ನಿಮಗೆ ಏನಾಗಿದೆ ಅನ್ಸುತ್ತೆ ಯಜಮಾನ್ರೇ?"

ಎಷ್ಟೋ ಸಲ ಅವರಿಗೆ ಆಗಲೇ ಗೊತ್ತಿರುತ್ತೆ. ರೇಡಿಯೇಷನ್ ಕೋಣೆಯ ಮುಂದೆ ಪಾಳಿಯಲ್ಲಿ ಕೂತವರು ಅಕ್ಕಪಕ್ಕದವರನ್ನು ನೋಡುವುದಿಲ್ಲವೇ? ಒಬ್ಬ ಅಜ್ಜ ನನಗೆ ಹೇಳಿದ್ದರು, "ನಂಗ ಗೊತ್ತೈತಿ ಬಿಡವ್ವ. ಹುಡುಗ ಹೆದರ್ಯಾನ. ಅವಂಗ ಹೇಳಬ್ಯಾಡ." ಅಪ್ಪ ಮಗ ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತಾ ತಿಂಗಳುಗಟ್ಟಲೆ ಬಾಯಿ ಮುಚ್ಚಿಕೊಂಡಿದ್ದರು. ಡಾಕ್ಟರು ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತಾಡಿದ ಮೇಲೆ ಅಜ್ಜನ ಮೊದಲ ಪ್ರಶ್ನೆ ಹೊಲದ ಸಾಲದ ಬಗ್ಗೆ ಇತ್ತು. ಟ್ರಯಲ್ ವಿಷಯ ಆಮೇಲೆ ಬಂತು. ಅದು ಹಾಗೇ ಬರಬೇಕು ಅಂತ ನನ್ನ ಅಭಿಪ್ರಾಯ.

"ನಮ್ಮ ಮ್ಯಾಲ ಪ್ರಯೋಗ ಮಾಡ್ತೀರೇನ್ರಿ?" ಅಂತ ನೇರವಾಗಿ ಕೇಳುವವರು ನನಗೆ ಇಷ್ಟ. ಹೌದು, ಅಂತಲೇ ಹೇಳುತ್ತೇನೆ. ಸುಮ್ನೆ ಮಾತು ಮರೆಸಿದರೆ ನಂಬಿಕೆ ಹೋಗುತ್ತೆ. ಯಾಕೆ ಮಾಡಬೇಕು ಅನ್ನೋಕೆ ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಒಂದು ಟ್ರಯಲ್ ಉದಾಹರಣೆ ಕೊಡುತ್ತೇನೆ. ಅದರ ಫಲಿತಾಂಶ 2022ರಲ್ಲಿ ಹೊರಬಂತು. ಪೂರ್ತಿ ಗುಣಪಡಿಸುವ ಹಂತ ದಾಟಿದ ತಲೆ-ಕತ್ತಿನ ಕ್ಯಾನ್ಸರ್ ಇದ್ದ 151 ಜನ ಅದರಲ್ಲಿದ್ದರು. ಒಂದು ಗುಂಪಿಗೆ ಮೂರು ಬಗೆಯ ಮಾತ್ರೆ: ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್, ದಿನಾ ಸೆಲೆಕಾಕ್ಸಿಬ್ ಮತ್ತು ಎರ್ಲೋಟಿನಿಬ್. ಇನ್ನೊಂದು ಗುಂಪಿಗೆ ಅದೇ ಮಾತ್ರೆಗಳ ಜೊತೆ ಮೂರು ವಾರಕ್ಕೊಮ್ಮೆ 20 ಮಿಲಿಗ್ರಾಂ ನಿವೊಲುಮ್ಯಾಬ್ ಇಂಜೆಕ್ಷನ್, ಅಂದರೆ ಕ್ಯಾನ್ಸರ್ ವಿರುದ್ಧ ದೇಹದ ರೋಗನಿರೋಧಕ ಶಕ್ತಿಯನ್ನೇ ಎಬ್ಬಿಸುವ ಔಷಧ. ಮಾಮೂಲಿ ಡೋಸಿನ ಹತ್ತರಲ್ಲಿ ಒಂದು ಪಾಲೂ ಇಲ್ಲ ಅದು. ಪೂರ್ತಿ ಡೋಸಿನ ಖರ್ಚು ನಮ್ಮ ಜನಕ್ಕೆ ಕೈಗೆಟುಕುವಂಥದ್ದಲ್ಲ, ಅಲ್ವಾ? ಒಂದು ವರ್ಷದ ಹೊತ್ತಿಗೆ ಬದುಕಿದ್ದವರು ಮಾತ್ರೆಯಷ್ಟೇ ತಗೊಂಡವರಲ್ಲಿ 16.3%, ಇಂಜೆಕ್ಷನ್ನೂ ತಗೊಂಡವರಲ್ಲಿ 43.4%. ಇಷ್ಟು ಕಡಿಮೆ ಡೋಸು ಕೆಲಸ ಮಾಡುತ್ತೆ ಅಂತ ಗೊತ್ತಾಗಿದ್ದು ಆ 151 ಜನ ಒಪ್ಪಿದ್ದರಿಂದ.

ಯಾರಿಗೆ ಯಾವ ಚಿಕಿತ್ಸೆ ಅನ್ನುವುದನ್ನು ಕಂಪ್ಯೂಟರ್ ನಿರ್ಧರಿಸುತ್ತೆ ಅಂದರೆ ಜಾಸ್ತಿ ಜನಕ್ಕೆ ಕಸಿವಿಸಿ. ಚೀಟಿ ಎತ್ತಿದ ಹಾಗೆ ಅನ್ನುತ್ತೇನೆ. ಡಾಕ್ಟರಿಗೂ ಆರಿಸುವ ಹಾಗಿಲ್ಲ, ನನಗೂ ಇಲ್ಲ, ಶಿಫಾರಸು ನಡೆಯಲ್ಲ. ಯಾವ ಚೀಟಿ ಬಂದರೂ ಚಿಕಿತ್ಸೆ ಇದ್ದೇ ಇರುತ್ತೆ ಅಂತ ನಮ್ಮ ಟ್ರಯಲ್‌ಗಳಲ್ಲಿ ಧೈರ್ಯವಾಗಿ ಹೇಳಬಲ್ಲೆ.

ಹೊಸ ಔಷಧದ ಟ್ರಯಲ್‌ಗಳ ಫಾರ್ಮ್‌ನಲ್ಲಿ ಎಲ್ಲರೂ ಬೆಚ್ಚಿಬೀಳುವ ಜಾಗ ಒಂದಿದೆ. ಓದು, ಕೆಲಸ, ವರ್ಷದ ಆದಾಯ, ನಾಮಿನಿಯ ಹೆಸರು. "ಅಂದ್ರ ಸಾಯ್ತೀವಂತ ಬರ್ಕೊಳ್ಳಾಕತ್ತೀರೇನು?" ಟ್ರಯಲ್‌ನಿಂದಲೇ ಹಾನಿಯಾದರೆ ಪರಿಹಾರ ಕೊಡಬೇಕು ಅಂತ ಕೇಂದ್ರ ಸರ್ಕಾರದ 2019ರ ಟ್ರಯಲ್ ನಿಯಮಗಳಲ್ಲಿದೆ, ಅದು ನಿಮ್ಮ ಹಕ್ಕು, ಯಾರ ಕೈಗೆ ಸೇರಬೇಕು ಅಂತ ನೀವೇ ಬರೆಸಿ ಅಂತ ಬಿಡಿಸಿ ಹೇಳುತ್ತೇನೆ. ಈ ಸಾಲನ್ನು ಗಡಿಬಿಡಿಯಲ್ಲಿ ದಾಟಿಸಬಾರದು. ಓದಲು ಬಾರದವರಾದರೆ ಟ್ರಯಲ್‌ಗೆ ಸಂಬಂಧವಿಲ್ಲದ ಸಾಕ್ಷಿ ಪೂರ್ತಿ ಹೊತ್ತು ಪಕ್ಕದಲ್ಲಿರಬೇಕು. ಕೊನೆಗೆ ನಾನು ಕೇಳುತ್ತೇನೆ, "ಮನೆಗೆ ಹೋಗಿ ಅಕ್ಕನಿಗೆ ಏನಂತ ಹೇಳ್ತೀರಿ?" ಅವರು ತಮ್ಮ ಮಾತಲ್ಲಿ ಹೇಳಿದಾಗ ತಿಳಿದಿದ್ದೆಷ್ಟು, ತಿಳಿಯದ್ದೆಷ್ಟು ಗೊತ್ತಾಗುತ್ತೆ. ಸರಿಯಾಗಿ ಹೇಳದಿದ್ದರೆ ಮತ್ತೆ ಮೊದಲಿಂದ.

ಸಹಿ ಆದ ಮೇಲಿನ ಕೆಲಸ ಇನ್ನೂ ಸೂಕ್ಷ್ಮ. ಮೆಥೋಟ್ರೆಕ್ಸೇಟ್ ಒಂದನ್ನೇ ನೋಡಿ. 2.5 ಮಿಲಿಗ್ರಾಂನ ಚಿಕ್ಕ ಮಾತ್ರೆಗಳು. ವಾರದಲ್ಲಿ ಒಂದೇ ದಿನ ಹಲವು ಮಾತ್ರೆ ಒಟ್ಟಿಗೆ, ಉಳಿದ ದಿನ ಒಂದೂ ಇಲ್ಲ. ತಪ್ಪಿ ದಿನಾ ನುಂಗಿದರೆ ಬಾಯಿತುಂಬ ಹುಣ್ಣು, ರಕ್ತಕಣಗಳು ಕುಸಿದು ಜೀವಕ್ಕೇ ಅಪಾಯ. "ವಾರಕ್ಕೊಮ್ಮೆ" ಅಂತ ಬರೆದು ಕೊಟ್ಟರೆ ಸಾಲದು. "ನಿಮ್ಮೂರ ಸಂತೆ ಯಾವತ್ತು?" ಅಂತ ಕೇಳುತ್ತೇನೆ. ಮಂಗಳವಾರ ಅಂದರೆ ಮಂಗಳವಾರವೇ ಮಾತ್ರೆ. ಒಂದು ವಾರದ್ದು ಒಂದು ಕವರಿನಲ್ಲಿ, ಮೇಲೆ ದಪ್ಪಕ್ಷರದಲ್ಲಿ ವಾರ ಮತ್ತು ತಾರೀಕು. ದಿನದ ಮಾತ್ರೆಗಳ ಡಬ್ಬಿಯಲ್ಲಿ ಅದನ್ನು ಇಡಲೇಬಾರದು. ಖಾಲಿ ಸ್ಟ್ರಿಪ್ ಬಿಸಾಡದೆ ವಾಪಸ್ ತರಬೇಕು, ನಾನು ಎಣಿಸುತ್ತೇನೆ.

ಎರ್ಲೋಟಿನಿಬ್ ಶುರುವಾದ ಮೇಲೆ ಮುಖ, ಎದೆ ಮೇಲೆ ಮೊಡವೆಯಂಥ ಗುಳ್ಳೆ ಏಳುವುದುಂಟು. ಊರಲ್ಲಿ ಅದನ್ನು ನೋಡಿ ಅಮ್ಮ ಬಂದಿದೆ ಅಂತ ಮಾತ್ರೆ ನಿಲ್ಲಿಸಿ, ಬೇವಿನ ಸೊಪ್ಪು ಹಾಸಿ ಮಲಗಿಸುತ್ತಾರೆ. ಹಾಗಾಗಿ ಗುಳ್ಳೆ ಬರಬಹುದು, ಬಂದ ದಿನವೇ ಫೋನ್ ಮಾಡಿ ಅಂತ ಮೊದಲೇ ಹೇಳಿಡುತ್ತೇನೆ. ಭೇದಿಯ ವಿಷಯದಲ್ಲಿ ಮಾಮೂಲಿಯಾಗಿ ದಿನಕ್ಕೆ ಎಷ್ಟು ಸಲ ಹೋಗುತ್ತಿದ್ದರು ಅನ್ನುವುದನ್ನು ಚಿಕಿತ್ಸೆಗೆ ಮುಂಚೆಯೇ ಬರೆದುಕೊಳ್ಳುತ್ತೇನೆ. ಅದಕ್ಕಿಂತ ನಾಲ್ಕರಿಂದ ಆರು ಸಲ ಹೆಚ್ಚಾದರೆ ತೀವ್ರತೆಯ ಅಳತೆಯಲ್ಲಿ ಎರಡನೇ ಗ್ರೇಡ್, ಏಳು ಮತ್ತು ಮೇಲೆ ಹೆಚ್ಚಾದರೆ ಮೂರನೇ ಗ್ರೇಡ್. ಬರೀ "ಭೇದಿ ಆಯ್ತಾ?" ಅಂತ ಕೇಳಿದರೆ "ಇಲ್ರಿ, ಆರಾಮ್ ಅದೀನಿ" ಅನ್ನುತ್ತಾರೆ. ನಿಜ ಹೇಳಿದರೆ ಟ್ರಯಲ್‌ನಿಂದ ತೆಗೆದುಬಿಡುತ್ತಾರೆ ಅನ್ನೋ ಹೆದರಿಕೆ. ಹೆಂಡತಿಯನ್ನೋ ಸೊಸೆಯನ್ನೋ ಜೊತೆಗೆ ಕೂರಿಸಿಕೊಂಡು ಕೇಳಿದರೆ ವಿಷಯ ಹೊರಬರುತ್ತೆ.

ತಾಲೂಕು ಆಸ್ಪತ್ರೆಯಲ್ಲಿ ಒಂದು ರಾತ್ರಿ ಅಡ್ಮಿಟ್ ಆಗಿ ಡ್ರಿಪ್ ಹಾಕಿಸಿಕೊಂಡರೂ ನನಗೆ ತಿಳಿಸಬೇಕು. ನಿಯಮದ ಪ್ರಕಾರ ಇಂಥದ್ದು ನಡೆದ 24 ಗಂಟೆಯೊಳಗೆ ಡಾಕ್ಟರು ವರದಿ ಕಳಿಸಬೇಕು. ಅದಕ್ಕಿಂತ ಮುಖ್ಯವಾಗಿ, ಅಲ್ಲಿನ ಡಾಕ್ಟರಿಗೆ ಇವರು ಯಾವ ಮಾತ್ರೆ ತಗೊಳ್ಳುತ್ತಿದ್ದಾರೆ ಅಂತ ಗೊತ್ತಾಗಬೇಕು. ಒಪ್ಪಿಗೆ ಪತ್ರದ ಪ್ರತಿಯನ್ನು ಫೈಲಿನ ಮೊದಲ ಪುಟದಲ್ಲೇ ಇಡಿಸಿ, ಫೋನ್ ನಂಬರಿಗೆ ಗುರುತು ಹಾಕಿ ಕೊಡುತ್ತೇನೆ.

ಬಿಟ್ಟು ಹೋಗುವವರೂ ಇದ್ದಾರೆ. ಕಾರಣ ಹೇಳಬೇಕಾಗಿಲ್ಲ. ಚಿಕಿತ್ಸೆ ಅದೇ ಓಪಿಡಿಯಲ್ಲಿ ಮುಂದುವರಿಯುತ್ತೆ, ನಾನೂ ಮೊದಲಿನಂತೆಯೇ ಮಾತಾಡಿಸುತ್ತೇನೆ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಟ್ರಯಲ್ ಬಗ್ಗೆ ಹೇಳಿದ್ದರೆ ಸಿಟಿಆರ್‌ಐ (ದೇಶದ ಟ್ರಯಲ್‌ಗಳ ಸರ್ಕಾರಿ ನೋಂದಣಿ ಪಟ್ಟಿ) ನಂಬರ್ ಕೇಳಿ. 2009ರ ಜೂನ್‌ನಿಂದ ನಮ್ಮ ದೇಶದ ಟ್ರಯಲ್‌ಗಳು ಅಲ್ಲಿ ಮೊದಲೇ ನೋಂದಣಿ ಆಗಿರಬೇಕು. ಆ ನಂಬರ್ ಹಾಕಿ ಹುಡುಕಿದರೆ ಯಾರು ನಡೆಸುತ್ತಿದ್ದಾರೆ, ಎಷ್ಟು ಜನರ ಮೇಲೆ, ರೋಗಿಗಳ ಹಿತ ಕಾಯುವ ಯಾವ ಎಥಿಕ್ಸ್ ಕಮಿಟಿ ಒಪ್ಪಿದೆ ಎಲ್ಲ ಸಿಗುತ್ತೆ. ಫಾರ್ಮನ್ನು ಮನೆಗೆ ಕೊಂಡುಹೋಗಿ ಓದಿಸಿಕೊಂಡು ಬರುತ್ತೇವೆ ಅನ್ನಿ. ಕೊಡಲ್ಲ ಅಂದರೆ ಸಹಿ ಹಾಕಬೇಡಿ.