ಮಾಂಸ ಹೊರುವ ದಾರಿಯಿಂದ ಶುರು ಮಾಡಿದ ಎಲ್ಕ್ ಬೇಟೆ

ಮೊದಲ ವರ್ಷ ನಕ್ಷೆ ಬಿಡಿಸಿಕೊಂಡು ಕೂತು ಎಲ್ಕ್ ಎಂಬ ದೊಡ್ಡ ಜಿಂಕೆಗಳು ಎಲ್ಲಿರುತ್ತವೆ ಎಂದು ಹುಡುಕಿದ್ದೆ. ಎರಡನೇ ವರ್ಷ ಹುಡುಕಿದ್ದು, ಹೊಡೆದ ಎಲ್ಕನ್ನು ಕೆಡದ ಹಾಗೆ ಎಲ್ಲಿಂದ ಹೊತ್ತು ತರಬಹುದು ಎಂದು. ಅಮೆರಿಕದ ಐಡಾಹೊ ರಾಜ್ಯದ ಸಾಲ್ಮನ್ ನದಿ ಕಣಿವೆಯಲ್ಲಿ ಬಿಲ್ಲು ಹಿಡಿದು ಬೇಟೆಗೆ ಹೊರಡುವ ಯಾರಿಗಾದರೂ ನಾನು ಹೇಳುವುದು ಈ ಎರಡನೇ ಪ್ರಶ್ನೆಯನ್ನೇ.

ನಾನು ಕೊಡಗಿನವನು. ಕೆಲಸದ ಮೇಲೆ ಬಾಯ್ಸಿ ನಗರಕ್ಕೆ ಬಂದು ನೆಲೆಸಿದ್ದೇನೆ. ಅಜ್ಜನ ಕಾಲದ ಬೇಟೆಯ ಕಥೆ ಕೇಳಿ ಬೆಳೆದವನು, ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಬೇಟೆ ಬರೀ ಕಥೆಯಾಗಿ ಉಳಿಯಿತು. ಹಾಗೆ ಉಳಿದದ್ದು ಸರಿಯೇ ಎಂದು ಈಗಲೂ ನಂಬುತ್ತೇನೆ. ಇಲ್ಲಿ ಎಷ್ಟು ಪ್ರಾಣಿಗಳಿವೆ, ಎಷ್ಟು ಮಂದಿಗೆ ಪರವಾನಗಿ ಕೊಡಬಹುದು ಎಂದು ಇಲಾಖೆ ಲೆಕ್ಕ ಹಾಕುತ್ತದೆ, ಬೇಟೆಗಾರ ಕಟ್ಟುವ ಹಣದಲ್ಲೇ ಆ ಕೆಲಸದ ಬಹುಪಾಲು ನಡೆಯುತ್ತದೆ. ಎಲ್ಕ್ ಎಂದರೆ ನಮ್ಮ ಕಡವೆಯ ಹಿರಿಯಣ್ಣ ಅನ್ನಬಹುದು. ಬೆಳೆದ ಗಂಡು ಮುನ್ನೂರು ಕೆಜಿ ತೂಗುತ್ತದೆ.

ಕಾಗದಪತ್ರದ ಕೆಲಸ ಕಷ್ಟವೇನಲ್ಲ. 1975ರ ಜನವರಿ 1ರಿಂದ ಈಚೆಗೆ ಹುಟ್ಟಿದವರು ಬೇಟೆ ಶಿಕ್ಷಣದ ಕೋರ್ಸ್ ಮುಗಿಸಿರಬೇಕು, ಮೊದಲ ಸಲ ಬಿಲ್ಲು ಹಿಡಿಯುವವರಿಗೆ ಇನ್ನೊಂದು ತರಬೇತಿ. ಆಮೇಲೆ ಲೈಸೆನ್ಸ್, ಬಿಲ್ಲುಬೇಟೆಯ ಪರ್ಮಿಟ್, ಆ ವಲಯದಲ್ಲಿ ಒಂದು ಎಲ್ಕ್ ಹೊಡೆಯಲು ಕೊಡುವ ಟ್ಯಾಗ್. ಬಿಲ್ಲಿನ ಹೆದೆ ಎಳೆಯಲು ಕನಿಷ್ಠ 40 ಪೌಂಡ್ ಬಲ ಬೇಕೆಂಬ ನಿಯಮವಿದೆ. ನನ್ನದು 60 ಪೌಂಡಿನದು.

ಕಷ್ಟ ಇರುವುದು ನೆಲದಲ್ಲಿ. ಬಾಯ್ಸಿಯಿಂದ ಉತ್ತರಕ್ಕೆ ಮೂರು ಗಂಟೆ ಕಾರು ಓಡಿಸಿದರೆ ರಿಗಿನ್ಸ್ ಎಂಬ ಪುಟ್ಟ ಊರು. ಲಿಟಲ್ ಸಾಲ್ಮನ್ ಬಂದು ಸಾಲ್ಮನ್ ನದಿಯನ್ನು ಕೂಡುವ ಜಾಗ ಅದು, ಎತ್ತರ ಸುಮಾರು 1,800 ಅಡಿ. ಅಲ್ಲಿಂದ ನದಿಯ ಉತ್ತರ ದಂಡೆ ಹತ್ತಲು ಶುರು ಮಾಡಿದರೆ ಗಾಸ್ಪೆಲ್ ಹಂಪ್ ಕಾಡಿನ ತುದಿಗಳು 8,000 ಅಡಿ ದಾಟುತ್ತವೆ. ಕೆಳಗೆ ಸೆಪ್ಟೆಂಬರಿನಲ್ಲೂ ಬೆವರು ಹರಿಯುವ ಬಿಸಿಲು, ಒಣ ಹುಲ್ಲು, ಬುಡುಬುಡುಕೆ ಹಾವು. ಮೇಲೆ ಅದೇ ರಾತ್ರಿ ಟೆಂಟಿನ ಮೇಲೆ ಹಿಮದ ಪುಡಿ. ಈ ನದಿಗೆ ‘ಹಿಂದಿರುಗದ ನದಿ’ ಎಂಬ ಹೆಸರೂ ಇದೆ. ಹಿಂದೆ ಮರದ ದೋಣಿಗಳು ಪ್ರವಾಹದ ಜೊತೆ ಇಳಿಯುತ್ತಿದ್ದವೇ ಹೊರತು ಏರಿ ಬರಲಾಗುತ್ತಿರಲಿಲ್ಲ. ಗಡಿಯಾರಕ್ಕೂ ಈ ನದಿಯೇ ಗಡಿ: ಉತ್ತರ ದಂಡೆಯಲ್ಲಿ ಒಂದು ಗಂಟೆ ಹಿಂದೆ. ದಿಣ್ಣೆ ಮೇಲೆ ಕೂತರೆ ಫೋನು ಒಮ್ಮೆ ಆ ದಂಡೆಯ ಸಮಯ ತೋರಿಸುತ್ತದೆ, ಒಮ್ಮೆ ಈ ದಂಡೆಯದು. ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚಿನಿಂದ ಸೂರ್ಯಾಸ್ತದ ಅರ್ಧ ಗಂಟೆ ನಂತರದವರೆಗೆ ಮಾತ್ರ ಬಾಣ ಬಿಡಬಹುದಾದ್ದರಿಂದ ನಾನು ಕೈಗಡಿಯಾರವನ್ನೇ ನಂಬುತ್ತೇನೆ.

ಇದು ನೆಜ್ ಪರ್ಸ್ ಎಂಬ ಮೂಲನಿವಾಸಿ ಜನರ ನೆಲ. ಕಾಡು ಟಗರಿನ ಕೊಂಬನ್ನು ಹದ ಮಾಡಿ ಅವರು ಕಟ್ಟುತ್ತಿದ್ದ ಬಿಲ್ಲುಗಳಿಗೆ ದೂರದೂರದ ಬುಡಕಟ್ಟುಗಳಲ್ಲೂ ಬೆಲೆಯಿತ್ತು. 1877ರಲ್ಲಿ ಅಮೆರಿಕದ ಸೈನ್ಯದ ಜೊತೆ ಅವರ ಮೊದಲ ಕದನ ನಡೆದ ವೈಟ್ ಬರ್ಡ್ ಕಣಿವೆ ಇಲ್ಲಿಂದ ಹತ್ತಿರ. ಅಲ್ಲಿ ಕಾರು ನಿಲ್ಲಿಸಿ ಸ್ವಲ್ಪ ಹೊತ್ತು ನಿಲ್ಲದೆ ನಾನು ಮುಂದೆ ಹೋಗುವುದಿಲ್ಲ.

ಮೊದಲ ವರ್ಷ ನಾನೂ ನನ್ನ ಗೆಳೆಯನೂ ನದಿ ಪಕ್ಕ ಬಿಡಾರ ಹೂಡಿದೆವು. ನೀರು ಹತ್ತಿರ, ರಸ್ತೆ ಹತ್ತಿರ, ನಕ್ಷೆಯಲ್ಲಿ ಎಲ್ಕ್ ಇರುವ ಕಾಡು ಎರಡೇ ಮೈಲಿ ದೂರ. ಆ ಎರಡು ಮೈಲಿಯಲ್ಲಿ 3,000 ಅಡಿ ಏರಿತ್ತು. ನಾಲ್ಕು ದಿನ ನಸುಕಿನಲ್ಲೇ ಹತ್ತಿದೆವು. ಮೇಲೆ ತಲುಪುವ ಹೊತ್ತಿಗೆ ಬಿಸಿಲು ದಂಡೆಗೆ ಬಿದ್ದು, ಕಾದ ಗಾಳಿ ನಮ್ಮ ಬೆವರಿನ ವಾಸನೆಯನ್ನು ನಮಗಿಂತ ಮೊದಲೇ ಹೊತ್ತೊಯ್ದು ಮುಟ್ಟಿಸಿರುತ್ತಿತ್ತು. ಕಂಡದ್ದು ಬಿಸಿ ಆರದ ಹಿಕ್ಕೆ ಮತ್ತು ಓಡಿಹೋದ ಗೊರಸಿನ ಗುರುತು. ಐದನೇ ದಿನ ಒಂದು ಗಂಡು ಇಪ್ಪತ್ತೈದು ಗಜದಲ್ಲಿ ಮಗ್ಗುಲು ತೋರಿಸಿ ನಿಂತಿತು. ಹೆದೆ ಎಳೆದೆ. ಆ ಕ್ಷಣ ಅದರ ಹಿಂದಿನ ಇಳಿಜಾರು ಕಣ್ಣಿಗೆ ಬಿತ್ತು. ಬಂಡೆ, ಕೊರಕಲು, ಕೆಳಗೆ ರಸ್ತೆಯೇ ಇಲ್ಲದ ನದಿ ತಿರುವು. ಇಲ್ಲಿ ಬಿದ್ದರೆ ಇಬ್ಬರೇ ಈ ಬಿಸಿಲಲ್ಲಿ ಹೊತ್ತು ಮುಗಿಸಲಾರೆವು ಎಂದು ಖಚಿತವಾಗಿ ಗೊತ್ತಾಯಿತು. ಮೆಲ್ಲಗೆ ಹೆದೆ ಇಳಿಸಿದೆ. ಕೊಂದು ಕೊಳೆಯಲು ಬಿಡುವುದಕ್ಕೆ ಬೇಟೆ ಎಂಬ ಹೆಸರಿಲ್ಲ.

ಆ ಚಳಿಗಾಲ ಮತ್ತೆ ನಕ್ಷೆ ಹಿಡಿದೆ. ಸರ್ಕಾರದ ವಿವರವಾದ ನಕ್ಷೆಯಲ್ಲಿ ಈ ಸೀಮೆಯ ಸಮೋನ್ನತಿ ರೇಖೆಗಳು, ಅಂದರೆ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳು, 40 ಅಡಿಗೊಂದು. ಅವು ಒಂದಕ್ಕೊಂದು ಅಂಟಿಕೊಂಡಿರುವ ಕಡಿದಾದ ಕಡೆಗೆಲ್ಲ ಪೆನ್ಸಿಲಿನಿಂದ ಅಡ್ಡ ಗೀಟು ಹಾಕಿದೆ. ಕಾಡು ರಸ್ತೆ ತಲುಪುವ ದಿಣ್ಣೆ ನೆತ್ತಿ ಸುಮಾರು 5,800 ಅಡಿಯಲ್ಲಿತ್ತು. ಅಲ್ಲಿಂದ ಕೆಳಗೆ 4,600 ಅಡಿಯ ರೇಖೆಗೆ ಕೆಂಪು ಬಣ್ಣ ಬಳಿದೆ. ಆ ಗೆರೆಯಿಂದ ಕೆಳಗೆ ಎಂಥ ಗಂಡು ಕಂಡರೂ ಬಾಣ ಬಿಡುವುದಿಲ್ಲ ಎಂದು ಇಬ್ಬರೂ ಮಾತು ಕೊಟ್ಟುಕೊಂಡೆವು. ಬಿಡಾರ ಮೇಲೆ, ಬೇಟೆ ಅದರ ಕೆಳಗೆ, ಬೆಳಗಿನ ಗಾಳಿಯ ಲೆಕ್ಕ ನೋಡಿಕೊಂಡು ಅಡ್ಡಡ್ಡ ನಡಿಗೆ. ಉಳಿದ ಜಾಗದಲ್ಲಿ ಹುಡುಕಿದ್ದು ಉತ್ತರಕ್ಕೆ ಮುಖ ಮಾಡಿದ ಕತ್ತಲೆ ಕಾಡು, ಪಕ್ಕದಲ್ಲೇ ತೆರೆದ ಹುಲ್ಲು, ನಡುವೆ ನೀರಿನ ಒರತೆ. ನದಿಗೆ ಮುಖ ಮಾಡಿದ ದಂಡೆ ಪೂರ್ತಿ ದಕ್ಷಿಣದ ಬಿಸಿಲಿಗೆ ಒಡ್ಡಿಕೊಂಡಂತೆ ಕಂಡರೂ, ಅದನ್ನು ಸೀಳುವ ಹಳ್ಳಗಳ ಒಂದು ಮಗ್ಗುಲಲ್ಲಿ ಡಗ್ಲಸ್ ಫರ್ ಮರಗಳ ತಂಪು ಇದ್ದೇ ಇರುತ್ತದೆ. ಹಗಲು ಎಲ್ಕ್ ಮಲಗುವುದು ಅಲ್ಲಿಯೇ.

ಜುಲೈನಲ್ಲಿ ಬಿಲ್ಲಿಲ್ಲದೆ ಹೋಗಿ ಗುರುತು ಮಾಡಿಟ್ಟ ಏಳು ಜಾಗ ನೋಡಿದೆವು. ನಾಲ್ಕನ್ನು ಅಲ್ಲೇ ಅಳಿಸಿದೆ. ನಕ್ಷೆಯಲ್ಲಿ ನೀಲಿ ಗೆರೆಯಿದ್ದ ಎರಡು ಹಳ್ಳಗಳಲ್ಲಿ ಹನಿ ನೀರಿರಲಿಲ್ಲ, ಇನ್ನೆರಡು ಹಳೆಯ ಕಾಳ್ಗಿಚ್ಚಿನ ಮೇಲೆ ಮರ ಅಡ್ಡಾದಿಡ್ಡಿ ಬಿದ್ದು ದಾಟಲಾಗದಂತಿದ್ದವು. ಒಂದು ಕಡೆ, 5,200 ಅಡಿಯ ಸಣ್ಣ ತಟ್ಟಿನಲ್ಲಿ, ಕೆಸರು ಹೊಂಡ ಸಿಕ್ಕಿತು. ಬೆದೆಗಾಲದಲ್ಲಿ ಗಂಡು ಹೊರಳುವ ಹೊಂಡ. ಪಕ್ಕದ ಮರದ ತೊಗಟೆಗೆ ಸೊಂಟದ ಮಟ್ಟದಲ್ಲಿ ಒಣಗಿದ ಕೆಸರು, ಅದರಲ್ಲಿ ಅಂಟಿದ ಕಂದು ಕೂದಲು. ಮುಟ್ಟಿ ನೋಡಿದರೆ ತೆಂಗಿನ ನಾರಿನಷ್ಟು ಒರಟು.

ಬಾಣದ ಅಭ್ಯಾಸ ಸಮನೆಲದಲ್ಲಿ ಮಾಡಿದರೆ ಸಾಲದು. ನಲವತ್ತು ಡಿಗ್ರಿ ಇಳಿಜಾರಿನಲ್ಲಿ ಕೆಳಗೆ ಮೂವತ್ತು ಗಜ ಕಂಡರೆ ಗುರಿ ಇಡಬೇಕಾದ್ದು ಇಪ್ಪತ್ತಮೂರು ಗಜಕ್ಕೆ. ಭೂಮಿ ಬಾಣವನ್ನು ಎಳೆಯುವುದು ಅಡ್ಡದೂರದ ಲೆಕ್ಕದಲ್ಲಿ. ಬೇಸಿಗೆಯಿಡೀ ಬೆನ್ನಿಗೆ ನೀರಿನ ಕ್ಯಾನು ಕಟ್ಟಿಕೊಂಡು ಬಾಯ್ಸಿಯ ಟೇಬಲ್ ರಾಕ್ ದಿಬ್ಬ ಹತ್ತಿ ಇಳಿದೆ, ಏದುಸಿರಿನಲ್ಲೇ ಮನೆಯ ಹಿತ್ತಲಲ್ಲಿ ಒಂದು ಬಾಣ ಬಿಡುತ್ತಿದ್ದೆ. ದಿನಕ್ಕೆ ಐವತ್ತು ಬಾಣಕ್ಕಿಂತ ಆ ಒಂದು ಬಾಣ ಹೆಚ್ಚು ಕಲಿಸಿತು.

ಇನ್ನು ಗಾಳಿ. ನದಿ ಸೀಮೆಯಲ್ಲಿ ಎರಡು ಗಾಳಿಗಳಿವೆ. ಇಳಿಜಾರಿನದು ಒಂದು: ರಾತ್ರಿಯ ತಂಪಿಗೆ ಕೆಳಗೆ ಜಾರುತ್ತದೆ, ಬಿಸಿಲು ತಾಕಿದ ಮೇಲೆ ಏರುತ್ತದೆ. ಕಣಿವೆಯುದ್ದಕ್ಕೆ ಬೀಸುವ ದೊಡ್ಡ ಗಾಳಿ ಇನ್ನೊಂದು. ಇವೆರಡೂ ಕೂಡುವ ಹಳ್ಳದ ತಲೆಯಲ್ಲಿ ಗಾಳಿ ಸುತ್ತುತ್ತದೆ, ಅಲ್ಲಿ ಹೊಂಚು ಹಾಕಬಾರದು. ಬೇಟೆಗಾರರು ಪುಡಿ ಹಾರಿಸಿ ನೋಡುವುದುಂಟು, ಆದರೆ ಪುಡಿ ಎರಡು ಮಾರಿನಲ್ಲಿ ಕಾಣೆಯಾಗುತ್ತದೆ. ನಾನು ಬಳಸುವುದು ಮಿಲ್ಕ್‌ವೀಡ್ ಗಿಡದ ಹತ್ತಿ, ನಮ್ಮ ಎಕ್ಕದ ಬಳಗದ್ದೇ ಗಿಡ. ಒಂದು ಎಳೆ ಬಿಟ್ಟರೆ ಐವತ್ತು ಗಜದವರೆಗೆ ಕಣ್ಣಿಗೆ ಕಾಣುತ್ತದೆ, ತಿರುಗುವ ಜಾಗವನ್ನೂ ತೋರಿಸುತ್ತದೆ.

ಸೆಪ್ಟೆಂಬರ್ 3 ನಮಗೆ ಕೈಲ್ ಪೊಳ್ದ್, ಆಯುಧ ಪೂಜೆಯ ದಿನ. ಬಿಲ್ಲುಬೇಟೆಯ ಋತು ಅದೇ ದಿನಗಳಲ್ಲಿ. ಎರಡನೇ ವರ್ಷ ಬಿಡಾರದಲ್ಲೇ ಬಿಲ್ಲನ್ನು ಕಂಬಳಿ ಮೇಲಿಟ್ಟು, ಹಬ್ಬದಲ್ಲಿ ಕೋವಿಗೆ ಮುಡಿಸುವ ತೋಕ್ ಪೂ ಸಿಗದ ನಾಡಿನಲ್ಲಿ ಕಾಡುಹೂವೊಂದನ್ನು ಏರಿಸಿ ನಮ್ಮ ದೇವರು ಇಗ್ಗುತಪ್ಪನನ್ನು ನೆನೆದೆ.

ಅದಾಗಿ ಎರಡು ವಾರಕ್ಕೆ, ನಸುಕಿನಲ್ಲಿ ಆ ಕೆಸರು ಹೊಂಡದ ಮೇಲ್ಭಾಗದಲ್ಲಿ ಕೂತಿದ್ದೆವು. ಕೆಳಗಿನಿಂದ ಕೂಗು ಬಂತು. ಗಂಟಲಾಳದಲ್ಲಿ ಶುರುವಾಗಿ, ಕೊಳಲಿನ ಹಾಗೆ ಏರಿ, ಕೊನೆಗೆ ಕೆಮ್ಮಿದಂತೆ ಮುರಿಯುವ ಕೂಗು. ಮೊದಲು ಕಂಡದ್ದು ದೊಡ್ಡ ಗಂಡು, ಕೆಂಪು ಗೆರೆಯ ತೀರಾ ಕೆಳಗೆ. ಗೆಳೆಯ ನನ್ನ ಕಡೆ ನೋಡಿದ, ಇಬ್ಬರೂ ಅಲುಗಲಿಲ್ಲ. ಬಹಳ ಹೊತ್ತಾದ ಮೇಲೆ ಚಿಕ್ಕ ಗಂಡೊಂದು ನಮ್ಮ ಮಗ್ಗುಲಿನ ಜಾಡಿನಲ್ಲಿ ಬಂತು. ಬಾಯಿಂದ ಹಬೆ, ಮೂತ್ರ ಮತ್ತು ಕೆಸರಿನ ಘಾಟು ಮೂಗಿಗೆ ಬಡಿಯಿತು. ಬಿಟ್ಟ ಹತ್ತಿಯ ಎಳೆ ಇನ್ನೂ ನಮ್ಮ ಹಿಂದಕ್ಕೇ ತೇಲುತ್ತಿತ್ತು. ಇಪ್ಪತ್ತೆರಡು ಗಜ. ಮುಂಗಾಲಿನ ಹಿಂದೆ ಬಾಣ ಹೊಕ್ಕು ಆಚೆ ಬಂತು. ಅರ್ಧ ಗಂಟೆ ಕದಲದೆ ಕಾದು ರಕ್ತದ ಜಾಡು ಹಿಡಿದೆವು. ನೂರು ಹೆಜ್ಜೆಯೊಳಗೆ ಅದು ಮಲಗಿತ್ತು. ಹಣೆ ಮುಟ್ಟಿ ನಮಸ್ಕರಿಸಿದೆ.

ಮುಂದಿನದು ಬಿಸಿಲಿನ ಜೊತೆ ಓಟ. ಹೊಟ್ಟೆ ಸೀಳದೆಯೇ ಒಂದು ಮಗ್ಗುಲಿನ ಚರ್ಮ ಬಿಡಿಸಿ ತೊಡೆ, ಭುಜ, ಬೆನ್ನಿನ ಮಾಂಸ ತೆಗೆದು, ತಿರುಗಿಸಿ ಇನ್ನೊಂದು ಮಗ್ಗುಲು. ಮೂಳೆಯ ಸುತ್ತ ಬಿಸಿ ಉಳಿದರೆ ಮಾಂಸ ಒಳಗಿನಿಂದ ಹುಳಿಯಾಗುತ್ತದೆ, ಅದಕ್ಕೇ ತೊಡೆಯ ಮೂಳೆಯನ್ನು ಅಲ್ಲೇ ಬಿಡಿಸಿದೆವು. ಗಂಡೆಂಬ ಗುರುತು ಮಾತ್ರ ಕಾನೂನಿನಂತೆ ಮಾಂಸಕ್ಕೆ ಅಂಟಿಕೊಂಡೇ ಇರಬೇಕು. ತೆಳು ಬಟ್ಟೆ ಚೀಲಗಳಲ್ಲಿ ತುಂಬಿ ಫರ್ ಮರದ ನೆರಳಿಗೆ ತೂಗುಹಾಕಿದಾಗ ಗಂಟೆ ಹತ್ತೂವರೆ. ಸುಮಾರು ಎಪ್ಪತ್ತೈದು ಕೆಜಿ. ಇಬ್ಬರೂ ಎರಡೆರಡು ಸಲ, ಆರುನೂರು ಅಡಿ ಏರಿ ದಿಣ್ಣೆಗೆ. ಕೊನೆಯ ಹೊರೆ ಐಸ್ ಪೆಟ್ಟಿಗೆ ಸೇರಿದ್ದು ಸಂಜೆ ಐದಕ್ಕೆ. ಇದೇ ಪ್ರಾಣಿ ಆ ದೊಡ್ಡ ಗಂಡಿನ ಜಾಗದಲ್ಲಿ ಬಿದ್ದಿದ್ದರೆ ಮಾರನೇ ದಿನ ಮಧ್ಯಾಹ್ನವೂ ಮುಗಿಯುತ್ತಿರಲಿಲ್ಲ.

ತಲೆ ಮತ್ತು ಬೆನ್ನುಮೂಳೆಯನ್ನು ಆ ಪ್ರದೇಶದಿಂದ ಆಚೆಗೆ ತರಲಿಲ್ಲ. 2021ರಲ್ಲಿ ಐಡಾಹೊದಲ್ಲಿ ಮೊದಲ ಬಾರಿಗೆ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಪತ್ತೆಯಾದದ್ದು ನಾವು ಬೇಟೆಯಾಡಿದ ಇದೇ 14ನೇ ಬೇಟೆ ಘಟಕದ ಜಿಂಕೆಗಳಲ್ಲಿ. ಮೆದುಳನ್ನು ತಿನ್ನುವ, ಮದ್ದಿಲ್ಲದ ಕಾಯಿಲೆ ಅದು. ಮನುಷ್ಯರಿಗೆ ತಗಲಿದ್ದು ಕಂಡುಬಂದಿಲ್ಲ, ಆದರೂ ಸೋಂಕಿತ ಪ್ರಾಣಿಯ ಮಾಂಸ ತಿನ್ನಬೇಡಿ ಎಂಬುದು ವೈದ್ಯರ ಸಲಹೆ. ಕತ್ತಿನ ಗ್ರಂಥಿಗಳನ್ನು ಪರೀಕ್ಷೆಗೆ ಕೊಟ್ಟು, ಮಾಂಸವನ್ನೆಲ್ಲ ಹೆಸರು ಬರೆದು ಫ್ರೀಜರಿನಲ್ಲಿಟ್ಟು ಕಾದೆವು.

ಅಕ್ಟೋಬರಿನಲ್ಲಿ ಒಂದು ಸಂಜೆ ಫಲಿತಾಂಶ ಬಂತು: ರೋಗ ಪತ್ತೆಯಾಗಿಲ್ಲ. ಮಾಂಸದಡುಗೆಗೆ ಹಾಕಲು ಅಮ್ಮ ಊರಿನಿಂದ ಕಳಿಸಿದ್ದ ಕಾಚಂಪುಳಿ ಎಂಬ ಕಪ್ಪು ಹುಳಿಯ ಸೀಸೆಯ ಮುಚ್ಚಳವನ್ನು ಆ ರಾತ್ರಿ ತೆಗೆದೆ, ಗೆಳೆಯನಿಗೆ ಫೋನು ಮಾಡಿ ಮನೆಮಂದಿಯನ್ನೆಲ್ಲ ಕರೆದುಕೊಂಡು ಬಾ ಎಂದೆ.